ನೀಳಗಿವಿಯರ ಅರಸನಿಗೆ ಒಬ್ಬಳೇ ಮಗಳು

ಡಿಸೆಂಬರ್ 3, ಮಧ್ಯಾಹ್ನ

ಕತೆ ಕೇಳಿಸುವ ಆ್ಯಪ್‌ಗೆ ನಲವತ್ತೊಂದನೇ ಎಪಿಸೋಡ್ ಕಳಿಸಿದೆ. ಪಾತ್ರೆ ತೊಳೆದು, ಮಗಳು ದೀಪುವಿನ ಯೂನಿಫಾರ್ಮ್ ನೆನೆಸಿಟ್ಟು, ಹಿತ್ತಲ ಕಲ್ಲಿನ ಮೇಲೆ ಕೂತು ಮೊಬೈಲಿನಲ್ಲೇ ಬರೆದದ್ದು. ನಾನು ರೀಲ್ಸ್ ನೋಡುತ್ತೇನೆ ಅಂತ ನನ್ನ ಗಂಡ ಸಿದ್ದೇಶ್‌ಗೆ ನಂಬಿಕೆ. ಇರಲಿ.

ಎಲರ ಇವತ್ತೂ ಹೊಳೆಯ ದಡದಲ್ಲೇ ನಿಂತ. ನನ್ನ ಎಲ್ಫ್ ರಾಜ. ಎಲ್ಫ್ ಅಂತ ಬರೆದರೆ ನಮ್ಮ ಕಡೆ ಯಾರಿಗೂ ತಿಳಿಯಲ್ಲ ಅಂತ ಅವನ ಜನಕ್ಕೆ ನೀಳಗಿವಿಯರು ಅಂತ ಹೆಸರಿಟ್ಟೆ. ಉದ್ದ ಕಿವಿ, ಸಾವಿರ ವರ್ಷ ಆಯಸ್ಸು, ಕಾಡೇ ಊರು. ನೇಸರನಿಂದ ಶುರುವಾದ ವಂಶ, ಎಲರ ಏಳನೆಯವನು. ಪಟ್ಟಕ್ಕೆ ಕೂತವನು ಕಾಡಿನ ಗಡಿ ದಾಟಬಾರದು, ದಾಟಿದರೆ ಮರ ಒಣಗುತ್ತವೆ — ಹಿರಿಯರ ಕಟ್ಟಳೆ. ಅವನು ಪಟ್ಟಕ್ಕೆ ಕೂತು ಮುನ್ನೂರು ವರ್ಷ ಆಯಿತು. ಪಾಪ.

ಆ್ಯಪ್‌ನಲ್ಲಿ ಯಾರೋ ಇದನ್ನು ಓದುತ್ತಾರೆ, ಒಳ್ಳೆ ಗಂಟಲು. ಅತ್ತೆ ಹಸುವಿಗೆ ಹುಲ್ಲು ಹಾಕುತ್ತಾ ಜೋರಾಗಿ ಇಟ್ಟುಕೊಂಡು ಕೇಳುತ್ತಾರೆ. ಬರೆಯುವವಳು ನಾನು ಅಂತ ಗೊತ್ತಿಲ್ಲ. ಅಲ್ಲಿ ಬೇರೆ ಹೆಸರು.

“ಯಾರ್ ಬರ್ದವ್ಳೋ ಕಣವ್ವ, ಅವ್ಳ ಕೈಗೆ ಬಳೆ ತೊಡಿಸ್ಬೇಕು” ಅಂದರು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಬಂದೆ.

ಡಿಸೆಂಬರ್ 6

ಮೂರು ತಿಂಗಳು ತುಂಬಿತು. ವಾಂತಿ ಕಡಿಮೆ. ತಾಯಿ ಕಾರ್ಡ್ ಮಾಡಿಸೋಣ ಅಂದರೆ ಸಿದ್ದೇಶ್ “ಇರ್ಲಿ, ಇನ್ನೂ ಟೈಮ್ ಐತೆ” ಅನ್ನುತ್ತಾರೆ. ದೀಪು ಹೊಟ್ಟೆಯಲ್ಲಿದ್ದಾಗ ಇವರೇ ಓಡಾಡಿ ಎರಡನೇ ತಿಂಗಳಿಗೇ ಮಾಡಿಸಿದ್ದರು.

ದೊಡ್ಡಮಾವ ಕೆಂಪಸಿದ್ದಯ್ಯ ಬಂದಿದ್ದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, ನನಗೆ ಕೇಳಲಿ ಅಂತಲೇ ಸಿದ್ದೇಶ್‌ಗೆ — “ನಮ್ಮನೆ ಎಸ್ರೇಳಕ್ಕೆ ಒಂದ್ ಗಂಡು ಬ್ಯಾಡ್ವೇನ್ಲಾ?” ಸಿದ್ದೇಶ್ ನೆಲ ನೋಡುತ್ತಿದ್ದರು. ಅತ್ತೆ ಎದ್ದು ಕೊಟ್ಟಿಗೆಗೆ ಹೋದರು.

ಡಿಸೆಂಬರ್ 9

ಆ್ಯಪ್‌ನ ಎಡಿಟರ್ ಶಶಿಧರ್ ಫೋನ್. “ಮೇಡಂ, ರಾಜನಿಗೆ ಮಗಳು ಒಬ್ಬಳೇ ಇದ್ರೆ ಕತೆ ಓಡಲ್ಲ. ಗಂಡು ವಾರಸುದಾರ ಬೇಕು. ಅವಳಿ ಗಂಡುಮಕ್ಕಳು ಮಾಡಿ, ಸಿಂಹಾಸನಕ್ಕೆ ಹೊಡೆದಾಡಿಸಿ. ಇನ್ನೂ ನೂರು ಎಪಿಸೋಡ್ ಹೋಗುತ್ತೆ.”

ನಗು ಬಂತು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ನಗು ಬರಲಿಲ್ಲ.

ನಲವತ್ಮೂರು ಬರೆದೆ. ಕಾಡಿನ ಹಿರಿಯರು ಸಭೆಗೆ ಬಂದು ಇದನ್ನೇ ಹೇಳುತ್ತಾರೆ. ನಿನ್ನ ಮಗಳು ಹೊಂಬಿಸಿಲು ಹುಟ್ಟಿ ನೂರು ವರ್ಷವಾಯಿತು, ಇನ್ನೊಂದು ಮದುವೆಯಾಗು, ಗಂಡು ಹುಟ್ಟಲಿ. ಎಲರ ಏನನ್ನಬೇಕು? ನನಗೂ ಹೊಳೆಯಲಿಲ್ಲ, ಅಲ್ಲಿಗೇ ನಿಲ್ಲಿಸಿದೆ.

ಡಿಸೆಂಬರ್ 15, ಭಾನುವಾರ

“ಮುಂದಿನ್ ಬಾನ್ವಾರ ಒಂದ್ ಕಡೆ ಓಗ್ಬರಾದೈತೆ” ಅಂದರು ಸಿದ್ದೇಶ್.

“ಎಲ್ಲಿಗೆ?”

“ಡಾಕ್ಟ್ರತ್ರ ಕಣೆ. ಸುಮ್ನೆ ನೋಡುಸ್ಕಂಡ್ ಬರಾದು.”

“ಮದ್ದೂರಲ್ಲಿ ಡಾಕ್ಟ್ರಿಲ್ವಾ?”

ಬೈಕ್ ತೆಗೆದುಕೊಂಡು ಡೇರಿಗೆ ಹೋದರು.

ನನಗೆ ಹಿಂದಿನ ಬೀದಿಯ ರೂಪಳ ನೆನಪು. ಅವಳಿಗೂ ಮೊದಲನೆಯದು ಹೆಣ್ಣು. ಹೋದ ವರ್ಷ ಹೀಗೇ ಒಂದು ಭಾನುವಾರ ಕಾರು ಬಂತು. ಸಂಜೆ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದರು. ವಾರವೆಲ್ಲ ಗೋಡೆ ಹಿಡಿದು ನಡೆದಳು. ಜ್ವರ ಅಂದರು. ಊರೆಲ್ಲ ಜ್ವರ ಅಂತಲೇ ಅಂದಿತು. ನಾನೂ ಅಂದೆ.

ಡಿಸೆಂಬರ್ 16

ಬರಲ್ಲ ಅಂದೆ. ಹೆಣ್ಣೋ ಗಂಡೋ ನೋಡೋದು ತಪ್ಪು, ಪೊಲೀಸಿಗೆ ಹೇಳ್ತೀನಿ ಅಂದೆ. ಹಾಗನ್ನಬಾರದಿತ್ತು. ಮೊಬೈಲ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹೊಡೆಯಲಿಲ್ಲ. ಕೂಗಾಡಲೂ ಇಲ್ಲ. “ದೀಪು ಇಲ್ಲೇ ಇರ್ತಾಳೆ, ನೆಪ್ಪಿರ್ಲಿ” ಅಂದರು, ಅಷ್ಟೇ.

ಹತ್ತು ವರ್ಷ ಹಿಂದೆ ಮಂಡ್ಯದ ಕಾಲೇಜು ಗೇಟಿನಲ್ಲಿ ನನಗೋಸ್ಕರ ಬಿಸಿಲಲ್ಲಿ ನಿಲ್ಲುತ್ತಿದ್ದ ಹುಡುಗ ಇದೇ.

ಡಿಸೆಂಬರ್ 21

ಬೀದಿಬಾಗಿಲಿಗೆ ಹೋದರೆ ಯಾರಾದರೂ ಹಿಂದೆ ಬರುತ್ತಾರೆ. ದೀಪುವನ್ನು ಸ್ಕೂಲಿಗೆ ಬಿಡುವುದೂ ಈಗ ಅತ್ತೆಯೇ.

ಮಧ್ಯಾಹ್ನ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ಅತ್ತೆ — “ಯಾಕೋ ಆ ಕತೆ ಬತ್ತಾನೇ ಇಲ್ಲ ಕಣವ್ವ. ರಾಜ ಏನಂದ್ನೋ ಅವ್ರಿಗೆ.”

ಹೇಳಿಬಿಟ್ಟೆ. “ಎಲ್ಲಿಂದ ಬರುತ್ತೆ ಅತ್ತೆ? ಬರೆಯೋಳು ನಾನು. ಮೊಬೈಲ್ ನಿಮ್ಮ ಮಗನ ಬೀರುವಿನಲ್ಲಿದೆ.”

ನಂಬಲಿಲ್ಲ. ನೇಸರನಿಂದ ಎಲರನ ತನಕ ಏಳು ಅರಸರ ಹೆಸರು ಒಂದೇ ಉಸಿರಿಗೆ ಹೇಳಿದೆ. ಯಾರು ಯಾರ ಮಗ, ಯಾರು ಯಾವ ಯುದ್ಧದಲ್ಲಿ ಸತ್ತ, ಎಲ್ಲ. ಅವರ ಕೈ ನಿಂತಿತು.

“ಸರಿ. ಆ ರಾಜನ ಅವ್ವನ ಎಸ್ರೇನು?”

ನನ್ನ ಹತ್ತಿರ ಇರಲಿಲ್ಲ. ಏಳು ತಲೆಮಾರು ಬರೆದಿದ್ದೇನೆ, ಒಬ್ಬ ತಾಯಿಗೂ ಹೆಸರಿಟ್ಟಿಲ್ಲ.

“ಇಟ್ಟಿಲ್ಲ ಅತ್ತೆ.”

“ಎತ್ತೋಳ್ಗೆ ಎಸ್ರಿಲ್ವಾ?” ಅಂದು ಸಿಪ್ಪೆ ಬಾಚಿಕೊಂಡು ಎದ್ದರು. ನಾಳೆ ನನ್ನನ್ನು ಕಳಿಸಬೇಡಿ ಅಂತ ಅವರ ಕೈ ಹಿಡಿದೆ. ಬಿಡಿಸಿಕೊಂಡರು. “ನನ್ ಮಾತ್ ಯಾರ್ ಕೇಳ್ತಾರವ್ವ ಈ ಮನೇಲಿ.”

ಡಿಸೆಂಬರ್ 23, ಹಲಗೂರು, ಅವ್ವನ ಮನೆ

ಹೆಗಲ ಬ್ಯಾಗಿನಲ್ಲಿ ಈ ಡೈರಿ ಇತ್ತು. ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಕಾರು ಬಂತು. ದೀಪುವನ್ನು ದೊಡ್ಡಮಾವ ಮೊದಲೇ ಅವರ ಮನೆಗೆ ಕರೆದುಕೊಂಡು ಹೋಗಿದ್ದರು. ಹತ್ತಿದೆ. ಹತ್ತದೆ ಏನು ಮಾಡಲಿ? ಮುಂದೆ ಗುರುತಿಲ್ಲದ ಒಬ್ಬ ಹೆಂಗಸು, ಹಿಂದೆ ನಾನು, ಸಿದ್ದೇಶ್. ನಮ್ಮೂರು ಕೊಪ್ಪ ಬಿಟ್ಟು ಮದ್ದೂರು, ಮಳವಳ್ಳಿ. ಎಲ್ಲಿಗೆ ಅಂತ ಯಾರೂ ಹೇಳಲಿಲ್ಲ. ಮಳವಳ್ಳಿ ದಾಟಿ ಹಲಗೂರಿನ ರಸ್ತೆ ಹಿಡಿದಾಗ ನೆಟ್ಟಗೆ ಕೂತೆ. ನಾನು ಹುಟ್ಟಿದೂರಿನ ಮೇಲೇ ಹೋಗುತ್ತಿದ್ದೇವೆ!

ಹಲಗೂರು ಬಸ್‌ಸ್ಟಾಪಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು. ಕಾರು ನಿಂತಿತು. ವಾಂತಿ ಬರ್ತಿದೆ ಅಂದೆ. ಆ ಹೆಂಗಸೇ “ಬಾಗ್ಲು ತಗೀರಿ, ಸೀಟ್ ಕೆಡುತ್ತೆ” ಅಂದಳು. ಇಳಿದೆ. ಓಡಲಿಲ್ಲ, ಓಡಿದರೆ ಬಿದ್ದೇನು ಅಂತ ಭಯ. ನಡೆದೆ.

ಸಿದ್ದೇಶ್ ಹಿಂದೆ ಬಂದು ಮಣಿಕಟ್ಟು ಹಿಡಿದರು. “ಗಾಡಿ ಅತ್ತು ನಯನ. ಜನ ನೋಡ್ತಾವ್ರೆ.”

“ನೋಡ್ಲಿ” ಅಂದೆ. ಜೋರಾಗಿಯೇ ಅಂದೆ. “ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಿ ಅಂತ ಇವರಿಗೆಲ್ಲ ಹೇಳಿ, ಹತ್ತುತ್ತೀನಿ.”

ಸೊಪ್ಪು ಮಾರುತ್ತಿದ್ದ ಅಜ್ಜಿ ಎದ್ದು ನಿಂತಳು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿದರು. ಸಿದ್ದೇಶ್ ಕೈ ತಾನಾಗೇ ಸಡಿಲಾಯಿತು.

ನಡೆದೇ ಮನೆಗೆ ಹೋದೆ. ಅವ್ವ ಮೊದಲು ಬೈದಳು. “ಇಂಗೆ ರಸ್ತೇಲಿ ಇಳ್ಕಂಡ್ ಬಂದ್ರೆ ನಾಳೆ ಏನವ್ವ ಗತಿ? ಕೂಸ್ ಎಲ್ಲಿ?” ಯಾಕೆ ಅಂತ ಹೇಳಿದೆ. ಎದ್ದು ಹೋಗಿ ಬೀದಿಬಾಗಿಲ ಅಗುಳಿ ಹಾಕಿ ಬಂದಳು.

ಡಿಸೆಂಬರ್ 28

ದೀಪುವನ್ನು ಕಳಿಸುತ್ತಿಲ್ಲ. ಅವ್ವನ ಫೋನಿಗೆ ಸಿದ್ದೇಶ್ ಹೇಳಿದ್ದು ಒಂದೇ ಮಾತು. “ಅವ್ಳು ಬಂದ್ರೆ ಮಗೀನ್ ಮಕ ನೋಡ್ತಾಳೆ.”

ಹೋದರೆ ಹೊಟ್ಟೆಯೊಳಗಿನ ಇದು ಹೋಗುತ್ತದೆ. ಹೋಗದಿದ್ದರೆ ದೀಪು. ಊಟ ಇಳಿಯುತ್ತಿಲ್ಲ. ಇದಕ್ಕಾದರೂ ತಿನ್ನಬೇಕು.

ಜನವರಿ 2

ಹೋಗಿಬಿಡೋಣ ಅನ್ನಿಸಿತು ಇವತ್ತು. ಸೀರೆ ಉಟ್ಟೆ. ಬಸ್‌ಸ್ಟಾಪಿನ ತನಕ ಹೋಗಿ ಬಂದೆ.

ಜನವರಿ 6

ಇವತ್ತು ಬಸ್ಸು ಹತ್ತಿದೆ. ಹೋದದ್ದು ಮನೆಗಲ್ಲ, ದೀಪುವಿನ ಸ್ಕೂಲಿಗೆ. ಅವ್ವನೂ ಜೊತೆಗೆ.

ಗೇಟಿನಲ್ಲಿ ಮಿಸ್ಸು ತಡೆದರು. ಪಾಪದವರು. “ಅಜ್ಜಿ ಜೊತೆ ಮಾತ್ರ ಕಳಿಸಿ ಅಂತ ಅವರಪ್ಪ ಹೇಳಿದ್ದಾರೆ. ನನ್ನ ಕೆಲಸಕ್ಕೆ ತೊಂದರೆ ಆಗುತ್ತೆ ಅಕ್ಕ.” ಒಳಗಿನಿಂದ ದೀಪು ನೋಡಿ ಅಮ್ಮಾ ಅಂತ ಕೂಗಿತು. ಗೇಟಿನ ಕಂಬಿ ಹಿಡಿದು ನಿಂತೆ.

ಅತ್ತೆ ಬಂದರು. ನನ್ನನ್ನು ನೋಡಿದರು, ಹೊಟ್ಟೆ ನೋಡಿದರು.

“ಉಂಡ್ಯಾ?”

ತಲೆಯಾಡಿಸಿದೆ. ಮಿಸ್ಸಿನ ಕಡೆ ತಿರುಗಿ “ಅಜ್ಜಿ ಕರ್ಕೊಂಡೋದ್ಲು ಅಂತ ಬರ್ಕೊಳವ್ವ” ಅಂದರು. ದೀಪುವಿನ ಕೈ ಹಿಡಿದು ನಡೆದರು, ಮನೆಯ ಕಡೆಗಲ್ಲ. ನಾವು ಹಿಂದೆ. ಮದ್ದೂರಿನ ಬಸ್ಸು ಹೊರಡುವುದರಲ್ಲಿತ್ತು. ಮಗುವಿನ ಕೈ ನನ್ನ ಕೈಗೆ ಇಟ್ಟರು.

“ಅತ್ತು. ನಾನೇ ಕಳುಸ್ದೆ ಅಂತೀನಿ. ಎತ್ತವ್ವನ್ನ ಒಡೀತಾನಾ, ನೋಡ್ತೀನಿ.”

“ನೀವೂ ಬನ್ನಿ ಅತ್ತೆ.”

“ಬಂದ್ರೆ ಸಂಜೆ ಆಲು ಯಾರ್ ಕರೀತಾರೆ?”

ಬಸ್ಸು ಹೊರಟಿತು. ಕಿಟಕಿಯಿಂದ ನೋಡಿದೆ. ಅವರಾಗಲೇ ತಿರುಗಿ ಬೇಗ ಬೇಗ ಮನೆಯ ಕಡೆ ನಡೆಯುತ್ತಿದ್ದರು.

ಜನವರಿ 10

ಸಿದ್ದೇಶ್ ಬಂದಿದ್ದರು. ಒಬ್ಬರೇ. ಜಗಲಿಯಲ್ಲಿ ಕೂತರು, ದೀಪು ತೊಡೆ ಹತ್ತಿತು. ಗಡ್ಡ ಬಿಟ್ಟಿದ್ದಾರೆ. “ಅವ್ವ ಮಾತಾಡಲ್ಲ ನನ್ ಜೊತೆ. ಬಾ ಮನೆಗೆ. ಯಾರೂ ಏನೂ ಮಾಡಲ್ಲ.”

“ಹೆರಿಗೆ ಇಲ್ಲೇ. ಆಮೇಲೆ ನೋಡೋಣ.”

“ಅಂಗಾರೆ ನಂಬ್ಕೆ ಇಲ್ಲ.”

“ಇಲ್ಲ.”

ಮೊಬೈಲ್ ಜಗಲಿಯ ಮೇಲಿಟ್ಟು ಕಾಫಿ ಕುಡಿಯದೆ ಹೋದರು. ಬೈಕ್ ಹೋದ ಮೇಲೆ ಅಳು ಬಂತು. ಯಾಕೆ ಅಂತ ಗೊತ್ತಿಲ್ಲ.

ಶಶಿಧರ್‌ಗೆ ಮೆಸೇಜ್ ಮಾಡಿದೆ — ಅವಳಿ ಇಲ್ಲ, ಒಬ್ಬಳೇ ಮಗಳು, ಬೇಡವಾದರೆ ನಿಲ್ಲಿಸಿ. “ಬರೀರಿ ಮೇಡಂ, ನೋಡೋಣ” ಅಂತ ಬಂತು. ಬರೆಯಲು ಕೂತೆ. ಎಲರ ಹಿರಿಯರ ಎದುರಿಗೇ ಪಟ್ಟ ಬಿಟ್ಟು ಹೊಂಬಿಸಿಲನ್ನು ಕೂರಿಸುತ್ತಾನೆ. ಈಗ ಅವನು ಎಲ್ಲಿಗಾದರೂ ಹೋಗಬಹುದು. ಬರೆದು ಖುಷಿಯಾಯಿತು. ಆಮೇಲೆ ಹೊಳೆಯಿತು, ಗಡಿಯ ಕಟ್ಟಳೆ ಈಗ ಮಗಳ ತಲೆಗೆ ಬಿತ್ತಲ್ಲ!

ಅಳಿಸಿದೆ. ಬೇರೆ ದಾರಿ ಹುಡುಕಬೇಕು.

ಜನವರಿ 13, ಬೆಳಿಗ್ಗೆ

ಆಶಾ ಕಾರ್ಯಕರ್ತೆ ಪ್ರಿಯಾಂಕ ಬಂದು ತಾಯಿ ಕಾರ್ಡ್‌ಗೆ ಹೆಸರು ಬರೆದುಕೊಂಡಳು. “ಇನ್ ಮ್ಯಾಕೆ ತಿಂಗ್ಳಾ ತಿಂಗ್ಳಾ ನಾನ್ ಬತ್ತೀನಕ್ಕ. ಒಟ್ಟೇಲಿರೋದು ಏನಾಯ್ತು ಅಂತ ಕೇಳೋಳು ನಾನ್ ಒಬ್ಳಿದ್ದೀನಿ” ಅಂದಳು. ನನಗಿಂತ ಚಿಕ್ಕವಳು.

ಮಗು ಆಡಿತಾ ಅಂತ ಕೇಳಿದಳು. ಇನ್ನೂ ಇಲ್ಲ ಅಂದೆ. ಆ ಕಾರಿನ ದಿನದಿಂದ ಇದೇ ಭಯ, ಯಾರಿಗೂ ಹೇಳಿಲ್ಲ. ಅವ್ವ ನಾಳೆ ಹಬ್ಬಕ್ಕೆ ಎಳ್ಳು ಹುರಿಯುತ್ತಿದ್ದಾಳೆ. ದೀಪು ನನ್ನ ಬೆನ್ನಿಗೆ ಒರಗಿ ಕೊಬ್ಬರಿ ತಿನ್ನುತ್ತಿದೆ. ಏನೋ ಮಿಸುಕಿತು. ಇಲ್ಲ, ಇದು ದೀಪು ಅಲ್ಲ — ಹೊಟ್ಟೆಯ ಒಳಗಿನಿಂದ — ಮೀನು ಬಾಲ ತಿರುವಿದ ಹಾಗೆ — ಇನ್ನೊಂದು ಸಲ —