ಅಪ್ಪನ ಬಟ್ಟಲಿಗೆ ಮರ

ಮಾರ್ಚ್ 3, ಬೆಳಗ್ಗೆ

ಹಲಸಿನ ಮರದ ಚಕ್ಕೆ ನೆನೆಸಿಟ್ಟ ನೀರು ಹಳದಿ. ಬೇವಿನದು ಕಹಿ — ಗೊತ್ತಿದ್ದೂ ಕುಡಿದೆ, ನನ್ನ ಬುದ್ಧಿಗಿಷ್ಟು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಥೇಟ್ ಟರ್ಪೆಂಟೈನ್. ಕಿಟಕಿಯಲ್ಲಿ ಲೋಟಗಳ ಸಾಲು ನೋಡಿ ಅಪ್ಪ, "ಅಂಗಡಿ ಇಟ್ಟಿದ್ದೀಯೇನೇ?" ಎಂದರು. ಎಲ್ಲ ನಿಮಗೋಸ್ಕರವೇ ಅಂದೆ.

ಕೈ ನಡುಕ ಹೆಚ್ಚಾದಾಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಸ್ಟೀಲ್ ಲೋಟ ಹಲ್ಲಿಗೆ ಬಡಿಯುತ್ತದೆ. ಮೂತಿಯಿರುವ ಪ್ಲಾಸ್ಟಿಕ್ ಕಪ್ ತಂದರೆ, "ನಾನೇನು ಮಗೂನಾ?" ನಾನೇ ಕುಡಿಸಲು ಹೋದರೆ ಬಾಯಿ ಬಿಗಿ. ಡಾಕ್ಟರ್ ನಿನ್ನೆ ಖಡಾಖಂಡಿತವಾಗಿ ಹೇಳಿದರು — ಹೀಗೇ ಆದರೆ ಕಿಡ್ನಿ ಹೋಗುತ್ತದೆ.

ಅಪ್ಪ ಒಪ್ಪಿದ್ದು ಒಂದಕ್ಕೇ. ಅವರಜ್ಜ ಕುಡಿಯುತ್ತಿದ್ದಂಥ ಮರದ ಬಟ್ಟಲು. ಯಾವ ಮರ? "ಮರದ್ದು ಕಣೇ." ಭೇಷ್. ಅದಕ್ಕೇ ಈ ಲೋಟಗಳು, ಯಾವ ಮರ ನೀರಿಗೆ ರುಚಿ ಬಿಡುವುದಿಲ್ಲವೆಂದು ನೋಡಲು.

ಮಾರ್ಚ್ 5

ನಾನು ಪಾಲಿಶ್ ಕೆಲಸ ಮಾಡುವ ಮರಗೆಲಸದ ಶೆಡ್ಡಿನ ಮೇಸ್ತ್ರಿಯನ್ನು ಕೇಳಿದೆ. "ಮಾವು ತಗೊಳಮ್ಮ. ರುಚಿ ಬಿಡಲ್ಲ. ತೆಳ್ಳಗೆ ಕೆತ್ತಿದ್ರೆ ಹಗುರ." ನೆನೆಸಿ ಕುಡಿದೆ. ನೀರಿಗೆ ನೀರಿನದೇ ರುಚಿ. ಹಿಗ್ಗಿ ಹೀರೇಕಾಯಿಯಾದೆ.

ಮಾರ್ಚ್ 12

ಮುಗಿಯಿತು. ಹೆಬ್ಬೆರಳಿಗೆ ಬ್ಯಾಂಡೇಜ್. ಬಟ್ಟಲು ಎಷ್ಟು ಹಗುರವೆಂದರೆ, ಕೈಯಲ್ಲಿ ಇದೆಯೆಂದೇ ಅನ್ನಿಸುವುದಿಲ್ಲ.

ಅಪ್ಪ ಎತ್ತಿದರು. ಕುಣಿಯಿತು... ಸ್ಟೀಲ್ ಲೋಟಕ್ಕಿಂತ ಜೋರಾಗಿ. ಅಂಗಿ, ಹಾಸಿಗೆ ಎಲ್ಲ ಒದ್ದೆ. "ಬಟ್ಟಲು ಚೆನ್ನಾಗಿದೆ" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಬಚ್ಚಲಿಗೆ ಹೋಗಿ ಅತ್ತೆ.

ಮಾರ್ಚ್ 13

ತಲೆಯಲ್ಲಿ ಹುಳ ಕೊರೆಯುತ್ತಿದೆ. ಹಗುರವಿದ್ದಷ್ಟೂ ಸುಲಭವಾಗಬೇಕಲ್ಲ? ಮತ್ತೇಕೆ ಹೆಚ್ಚು ಚೆಲ್ಲಿತು?

ಮಾರ್ಚ್ 16, ಸಂಜೆ

ಮೇಸ್ತ್ರಿ ಮಾಂಸದಂಗಡಿಗೆ ಹುಣಸೆ ಕೊರಡು ಮಾಡಿಕೊಟ್ಟಿದ್ದರು. ಉಳಿದ ತುಂಡು ತಂದೆ, ನೀರಿಗೆ ಹುಳಿ ಬಿಡುತ್ತದೋ ನೋಡುವ ಕುತೂಹಲ. "ಅದು ಕಲ್ಲಮ್ಮ. ಉಳಿ ಮೊಂಡಾಗುತ್ತೆ" ಎಂದು ಗೊಣಗಿದರು.

ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದೆ. ಬಂದು ನೋಡಿದರೆ ಅಪ್ಪ ತುಂಡನ್ನೆತ್ತಿ ಮೂಸುತ್ತಿದ್ದಾರೆ. ಕೈ ನಡುಗುತ್ತಿಲ್ಲ. ಬೆರಳ ತುದಿಯಲ್ಲಿ ಒಂಚೂರು, ಅಷ್ಟೇ.

"ಭಾರ ಆಗಲ್ವಾ ಅಪ್ಪ?"

"ಆಗುತ್ತೆ. ಅದಕ್ಕೇ ಸುಮ್ನಿದೆ ನೋಡು, ಕೈ."

ಇಷ್ಟು ದಿನ ಹಗುರ ಹಗುರ ಎಂದು ಜಪ ಮಾಡಿದ್ದೆ. ಎಂಥ ಪೆದ್ದಿ ನಾನು.

ಮಾರ್ಚ್ 17

ಹುಳಿಯಿಲ್ಲ. ಸ್ವಲ್ಪ ಒಗರು. ಸಾಕು.

ಮಾರ್ಚ್ 29, ಬೆಳಗ್ಗೆ

ಉಳಿ ಮೊಂಡಾಯಿತು, ಮೇಸ್ತ್ರಿಯಿಂದ ಬೈಸಿಕೊಂಡದ್ದೂ ಆಯಿತು. ಬಟ್ಟಲಿನ ತಳವನ್ನು ಬೇಕೆಂದೇ ದಪ್ಪ ಬಿಟ್ಟೆ. ಅರ್ಧ ತುಂಬಿಸಿ ಕೊಟ್ಟೆ.

ಅಪ್ಪ ಎರಡೂ ಕೈಯಲ್ಲಿ ಹಿಡಿದು, ನಿಧಾನಕ್ಕೆ, ಪೂರ್ತಿ ಕುಡಿದರು. ಗಲ್ಲದ ಮೇಲೆ ಒಂದು ಹನಿ. ಅದನ್ನೂ ತಾವೇ ಒರೆಸಿಕೊಂಡರು. ಇದನ್ನು ಬರೆದಿಡಲು ಒಳಗೆ ಬಂದುಬಿಟ್ಟೆ. ನನಗೆ ಒಗರು ಅನ್ನಿಸಿದ್ದು ಅವರಿಗೂ ಅನ್ನಿಸಿತೇ? ಕೇಳಬೇಕಿತ್ತು. ಎಣ್ಣೆ ಸವರಿದರೆ ಹೋಗಬಹುದು, ಯಾವ ಎಣ್ಣೆ ಎಂದು ಮೇಸ್ತ್ರಿಯನ್ನು... ಅಪ್ಪ ಬಟ್ಟಲನ್ನು ಮೇಜಿಗೆ ಕುಟ್ಟುತ್ತಿದ್ದಾರೆ. ಇನ್ನೂ ನೀರು ಬೇಕಂತೆ, ನಾನು —