ಗೇಟು ಎತ್ತುವ ಮೊದಲು ಒಮ್ಮೆ ಕೂಗಿ

ಜಲಾಶಯದ ಗೇಟಿನ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಹೋದ ಭಾನುವಾರ ಬೆಳಿಗ್ಗೆ ಯಾವ ಸೂಚನೆಯೂ ಇಲ್ಲದೆ ಗೇಟು ಎತ್ತಿಸಿ, ನೀವು ನನ್ನ ಹೆಂಡತಿಯನ್ನು ಕೊಲ್ಲುವುದರಲ್ಲಿದ್ದಿರಿ. ಸೈರನ್ ಕೂಗಲಿಲ್ಲ, ಒಂದು ನರಪಿಳ್ಳೆಯೂ ಬಂದು ನೋಡಲಿಲ್ಲ. ಈಗ ತೂಬಿನ ಪಕ್ಕದಲ್ಲಿ ‘ಇಲ್ಲಿ ಮೀನು ಹಿಡಿಯಬಾರದು’ ಎಂಬ ಹೊಸ ಬೋರ್ಡು ಎದ್ದಿದೆ. ಭಲೇ! ಸೈರನ್ ರಿಪೇರಿಗೆ ವರ್ಷಗಟ್ಟಲೆ ಸಿಗದ ಮಂಜೂರಾತಿ ಬೋರ್ಡಿಗೆ ಅದೆಷ್ಟು ಬೇಗ ಸಿಕ್ಕಿತು?

ತೂಬಿನ ಕೆಳಗಿನ ಮಡುವಿನಲ್ಲಿ ಗಾಳ ಹಾಕಿ ಜಿಲೇಬಿ ಮೀನು ಹಿಡಿಯುವುದು ನಮ್ಮ ಕಡೆ ಅಪ್ಪಂದಿರ ಕಾಲದಿಂದ ಬಂದದ್ದು. ನಿಮಗೆ ತಿಳಿದಿರಲಿಕ್ಕಿಲ್ಲ, ಆ ಮೀನಿನ ತಾಯಿ ತನ್ನ ಮರಿಗಳನ್ನು ಬಾಯೊಳಗಿಟ್ಟು ಸಾಕುತ್ತದೆ. ಅಂಥದ್ದು ಗಾಳಕ್ಕೆ ಸಿಕ್ಕರೆ ನಾವು ದಡದಿಂದ ಎಸೆಯುವುದಿಲ್ಲ. ನೀರಿಗಿಳಿದು, ಅಂಗೈಯಲ್ಲಿಟ್ಟುಕೊಂಡು, ಅದು ಗಾಬರಿಯಲ್ಲಿ ಉಗುಳಿದ ಮರಿಗಳು ಮತ್ತೆ ಬಾಯಿ ಸೇರುವವರೆಗೆ ಕಾದು ಬಿಡುತ್ತೇವೆ. ನನ್ನ ಹೆಂಡತಿ ಧನಲಕ್ಷ್ಮಿ ಅವತ್ತು ಮಾಡಿದ ಅಪರಾಧ ಅದೇ. ಸೊಂಟದ ಮಟ್ಟ ನೀರಿನಲ್ಲಿ ಬಗ್ಗಿ ನಿಂತಿದ್ದಳು. ನೀವು ಗೇಟು ಎತ್ತಿಸಿದಿರಿ.

ನೀರು ನುಗ್ಗಿದ್ದೇ ಅವಳ ಕಾಲನ್ನು ನೆಲದಿಂದ ಕಿತ್ತಿತು. ದಡದಿಂದ ಬಗ್ಗಿದ ನನ್ನ ಕೈಗೆ ಸಿಕ್ಕಿದ್ದು ಅವಳ ಜಡೆ ಮಾತ್ರ. ನಾನೂ ಜಾರತೊಡಗಿದಾಗ ಪಕ್ಕದಲ್ಲಿ ಗಾಳ ಹಾಕಿದ್ದ ಕೆಂಚಯ್ಯ ನನ್ನ ಸೊಂಟ ತಬ್ಬಿ ಕೂತುಬಿಟ್ಟ. “ಬುಡ್ಬ್ಯಾಡಿ ಕಣ್ರೀ, ಬುಡ್ಬ್ಯಾಡಿ” ಎಂದಳು. ಆಮೇಲೆ ಬಾಯಿಗೆ ನೀರು ತುಂಬಿತು. ಮೇಲೆಳೆದುಕೊಳ್ಳುವಷ್ಟರಲ್ಲಿ ಅವಳ ತೋಳು ಕಲ್ಲಿಗೆ ಬಡಿದು ಮುರಿದಿತ್ತು.

ನಿಮ್ಮ ಕಚೇರಿಗೆ ಬಂದು ಕೇಳಿದರೆ, ಹೆಂಗಸರು ಅಲ್ಲಿಗೆ ಇಳಿದದ್ದೇಕೆ ಎಂಬ ಮರುಪ್ರಶ್ನೆ. ಸ್ವಾಮೀ, ಅದೇ ಮಡುವಿನಲ್ಲಿ ಬಟ್ಟೆ ಒಗೆಯುತ್ತಾರೆ, ದನಕ್ಕೆ ಮೈ ತೊಳೆಯುತ್ತಾರೆ. ಅವರಿಗೂ ಒಂದೊಂದು ಬೋರ್ಡು ಬರೆಸುತ್ತೀರಾ? ದನಗಳಿಗೆ ಓದು ಕಲಿಸುವ ಯೋಜನೆಯೇನಾದರೂ ಇದೆಯೇ?

ಪರಿಹಾರ ಬೇಡ, ನಿಮ್ಮ ವಿಷಾದವೂ ಬೇಡ. ಗೇಟು ಎತ್ತುವ ಮುನ್ನ ಸೈರನ್ ಕೂಗಬೇಕು, ಒಬ್ಬರು ಮಡುವಿನ ತನಕ ನಡೆದು ಬಂದು ನೋಡಬೇಕು. ಅದು ಆಗುವವರೆಗೆ ಗೇಟು ಮುಟ್ಟಬೇಡಿ. ಧನಲಕ್ಷ್ಮಿ ಈಗಲೂ ಬಚ್ಚಲಲ್ಲಿ ನಲ್ಲಿ ತಿರುಗಿಸಿದ ಸದ್ದಿಗೆ ಬೆಚ್ಚಿ ನನ್ನ ಅಂಗಿ ಹಿಡಿದುಕೊಳ್ಳುತ್ತಾಳೆ. ಅವಳಿಗೆ ಹಿಡಿಯಲು ನಾನಿದ್ದೇನೆ. ನಾಳೆ ಬೆಳಿಗ್ಗೆ ಆ ಮಡುವಿನಲ್ಲಿ ಯಾರು ಒಂಟಿಯಾಗಿ ನಿಂತಿರುತ್ತಾರೆ, ನಿಮಗೆ ಗೊತ್ತೇ?

ಇಂತಿ,
ಹೆಂಡತಿ ಬದುಕಿದ್ದಾಳೆಂಬ ಕಾರಣಕ್ಕೆ ನಿಮ್ಮ ಕಡತಕ್ಕೆ ಸೇರದ
ನಾಗರಾಜು, ಬೈರಾಪಟ್ಟಣ