ಬೆಣ್ಣೆಯ ರಕ್ತ

ಮಂಗಳವಾರ, ಬೆಳಿಗ್ಗೆ

ರೀ,

ಹೇಗಿದ್ದೀರಿ? ಬರೀ ಹೊಟ್ಟೆಯಲ್ಲಿ ಕಾಫಿ ಕುಡಿಯಬೇಡಿ ಎಂದು ಬಡಕೊಳ್ಳುವವರು ಈಗ ಯಾರೂ ಇಲ್ಲ, ಆರಾಮಾಗಿರಬೇಕು.

ನಾನು ಕಳಿಸಿದ ರಕ್ತದ ಸೀರಮ್ ಟ್ಯೂಬು ಕೈಸೇರಿತು ಎಂದು ನಿಮ್ಮ ಸಹಾಯಕಿ ಫೋನು ಮಾಡಿದ್ದಳು. ನಿಮ್ಮ ಆ ರೋಗಿಯ ಕರುಳಿನ ತುಣುಕನ್ನು ಒಂದು ಚೂರೂ ಉಳಿಸದೆ ಸೀಳಿ, ಗಾಜಿಗೇರಿಸಿ, ಸೀರಮ್ ಹಾಕಿದ್ದೂ ಆಯಿತಂತೆ. ಪಾಪ, ಹುಡುಗಿಗೆ ಎಷ್ಟು ಸಂಭ್ರಮ! ಆ ರೋಗಿಯ ಕರುಳು ಹಾರ್ಮೋನಿನ ಉದ್ದನೆಯ ಮೂಲರೂಪವನ್ನು ತುಂಡರಿಸದೆ ಹಾಗೇ ಕೂಡಿಡುತ್ತದೆ ಎಂದು ನೀವು ಊರಿಗೆಲ್ಲ ಸಾರಿಬಿಟ್ಟಿದ್ದೀರಿ. ತೋರಿಸದಿದ್ದರೆ ಕುರ್ಚಿ ಹೋಗುತ್ತದೆ. ರೋಗಿ ತೀರಿಕೊಂಡಾಯಿತು, ಇನ್ನೊಂದು ತುಣುಕು ಸಿಗದು. ಆ ಮೂಲರೂಪವನ್ನು ಗುರುತು ಹಿಡಿದು ಗಾಜಿನ ಮೇಲೆ ಹೊಳೆಯುವಂತೆ ಮಾಡುವ ಪ್ರತಿಕಾಯ ಇದ್ದದ್ದು ನಮ್ಮ ಮೊಲ ಬೆಣ್ಣೆಯ ರಕ್ತದಲ್ಲಿ ಮಾತ್ರ. ಅದಕ್ಕೇ ತಾನೆ, ಇಷ್ಟು ವರ್ಷಗಳ ಮೇಲೆ ಫೋನು ಮಾಡಿ, ಒಂದೇ ಒಂದು ಟ್ಯೂಬು ಕೊಡೇ, ನನ್ನ ಮಾನ ಉಳಿಸೇ ಎಂದು ಅಂಗಲಾಚಿದ್ದು?

ಆ ಪ್ರತಿಕಾಯ ಹುಟ್ಟಲೆಂದು ಉಳಿದ ಮೊಲಗಳಿಗೂ ಅದೇ ಚುಚ್ಚುಮದ್ದು ಕೊಟ್ಟಿದ್ದೆವು, ಒಂದೂ ಕೆಲಸಕ್ಕೆ ಬರಲಿಲ್ಲ. ಬೆಣ್ಣೆ ಮಾತ್ರ ನನ್ನ ಮಡಿಲಲ್ಲಿ ಕೂತು, ನಿಜವಾಗಿಯೂ ಕಿವಿಗೊಟ್ಟು, ಕಿವಿಯ ನರದಿಂದಲೇ ರಕ್ತ ಕೊಡುತ್ತಿತ್ತು. ಕೆಲಸ ಮುಗಿದ ಮೇಲೆ ಮನೆಯಲ್ಲಿ ಸಾಕೋಣ ಎಂದಿದ್ದೆ. ಆಗಲಿ ಬಿಡೇ ಎಂದಿದ್ದಿರಿ. ಅಮ್ಮನನ್ನು ಕಳೆದುಕೊಂಡು ತವರಿನಿಂದ ಬಂದ ದಿನವೇ, ಬೆಣ್ಣೆ ಜ್ವರ ಬಂದು ಸತ್ತುಹೋಯ್ತು ಕಣೇ ಎಂದಿರಿ. ನಿಮ್ಮ ಕಣ್ಣಲ್ಲೂ ನೀರಿತ್ತು. ಎಂಥಾ ನಟನೆ ರೀ!

ಪ್ರಾಣಿಗಳ ಕೋಣೆಯ ಮುದುಕ, ನೀವು ಫೋನು ಮಾಡುವುದಕ್ಕೆ ಸ್ವಲ್ಪ ಮುಂಚೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಜ್ವರಾನೂ ಇಲ್ಲ ಏನೂ ಇಲ್ಲಮ್ಮ, ಸಾಹೇಬ್ರೇ ಕೊನೇ ಹನಿ ತನಕ ರಕ್ತ ಬಸ್ಕೊಂಡ್ರು, ಅಂದ. ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತೆ. ಈಗ ಅಳು ನಿಂತಿದೆ.

ಫಲಿತಾಂಶದ ಚಿಂತೆಯಲ್ಲಿ ನಿದ್ದೆ ಕೆಡಬೇಡಿ. ಸೀರಮ್ ಕೆಲಸ ಮಾಡುತ್ತದೋ ಇಲ್ಲವೋ ಎಂದು ಮೊದಲು ಹಂದಿಯ ಕರುಳಿನ ಮೇಲೆ ಹಾಕಿ ಪರೀಕ್ಷಿಸುವ ತಾಳ್ಮೆ ನಿಮಗೆ ಎಂದೂ ಇರಲಿಲ್ಲ, ಆ ಚಾಕರಿ ನನ್ನದಾಗಿತ್ತು. ಈ ಸಲವೂ ನೋಡಿರಲಿಕ್ಕಿಲ್ಲ.

ಇಂತಿ,
ಕಾಗದಪತ್ರಗಳಲ್ಲಿ ಇನ್ನೂ ನಿಮ್ಮ ಹೆಂಡತಿ

ಹೇಳಲು ಮರೆತೆ: ಚುಚ್ಚುಮದ್ದು ಶುರುಮಾಡುವ ಮೊದಲೇ, ಹೋಲಿಸಿ ನೋಡಲು ಇರಲೆಂದು ಬೆಣ್ಣೆಯ ರಕ್ತ ಒಂದಿಷ್ಟು ತೆಗೆದಿಟ್ಟಿದ್ದೆನಲ್ಲ? ಆ ಪ್ರತಿಕಾಯ ಹುಟ್ಟುವುದಕ್ಕೂ ಮುಂಚಿನದು. ನಿನಗೆ ಕಳಿಸಿದ್ದು ಅದನ್ನೇ. ಗಾಜಿನ ಮೇಲೆ ಏನೂ ಹೊಳೆಯುವುದಿಲ್ಲ ಕಣೋ. ಅಸಲಿ ಟ್ಯೂಬು ನನ್ನ ಫ್ರೀಜರಿನಲ್ಲಿದೆ. ಯಾವಾಗ ಬೇಕಾದರೂ ಬಂದು ತೆಗೆದುಕೊಂಡು ಹೋಗು, ಪೂರ್ತಿ ನಿನಗೇ.